ಶ್ರಾವಣಕ್ಕೂ ಸೋಣಕ್ಕೂ ನಡುವೆ ಒಂದು ಮನೆ

ಮಂಚದ ಮೇಲೆ ಬೇನೆ ತಿನ್ನುತ್ತಿದ್ದ ಹೆಂಗಸು ಅಪ್ಪನನ್ನು ಕರೆಯುತ್ತಿದ್ದಳು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅದು ನನ್ನ ಮೊದಲ ವಾರ. ನಮ್ಮ ರೋಣದ ಕಡೆ ಹೆರಿಗೆಯ ಹೊತ್ತಿನಲ್ಲಿ ಹೆಣ್ಣುಮಗಳ ಬಾಯಿಗೆ ‘ಯವ್ವಾ’ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅಪ್ಪನ ನೆನಪಾಗುವುದು ತೊಟ್ಟಿಲು ಕಟ್ಟುವ ಖರ್ಚಿನ ಹೊತ್ತಿಗೆ. ಇವಳು ಮಾತ್ರ ‘ಅಪ್ಪೇ, ಅಪ್ಪೇ’ ಎಂದು ಗೋಡೆ ಬಿರಿಯುವ ಹಾಗೆ ಕೂಗುತ್ತಿದ್ದಳು. ನಾನು ಹೊರಗೆ ಹೋಗಿ, ಜಗಲಿಯಲ್ಲಿ ಕೊಡೆ ಹಿಡಿದು ಕೂತಿದ್ದ ಅವಳ ತಂದೆಗೆ, “ನಿಮ್ಮನ್ನ ಕರ್ಯಾಕತ್ತಾಳ್ರಿ, ಬಾಗಿಲ ಹತ್ರ ನಿಂತು ಒಂದೀಟು ಧೈರ್ಯ ಹೇಳ್ರಿ” ಎಂದೆ. ಆ ಮುದುಕ ಕೊಡೆಯನ್ನೂ ಬಿಟ್ಟು ಎದ್ದುಹೋಗಿ ಅಂಗಳದ ಮಳೆಯಲ್ಲಿ ನಿಂತ. ಆಯಾ ಕೆಲಸದ ಕಮಲ ಬಂದು ನನ್ನನ್ನು ಒಳಗೆ ಎಳೆದುಕೊಂಡಳು.

“ಸಿಸ್ಟರ್ರೆ, ಅಪ್ಪೆ ಅಂದರೆ ಅಮ್ಮ. ತುಳುವಿನಲ್ಲಿ ಹಾಗೆ. ನೀವು ಆ ಅಜ್ಜನನ್ನು ಎಲ್ಲಿಗೆ ಕರೆದದ್ದು ಮಾರಾಯ್ರೆ?”

ಘಟ್ಟ ಇಳಿದರೆ ತಾಯಿಯ ಹೆಸರೇ ಬದಲಾಗುತ್ತದೆಂದು ಹುಬ್ಬಳ್ಳಿಯ ನರ್ಸ್ ತರಬೇತಿಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಈಗ ನಮ್ಮ ಕಡೆಯಿಂದ ಬೇಕಾದಷ್ಟು ಜನ ಇಲ್ಲಿಗೆ ಬರುತ್ತಿದ್ದೀರಿ. ಕಾಲೇಜಿಗೆ, ರಸ್ತೆ ಕೆಲಸಕ್ಕೆ, ಮಾಸ್ತರಿಕೆಗೆ. ಮೂಡುಬಿದಿರೆ ಬೆಳೆಯುತ್ತಿದೆಯಂತೆ, ಹೆಂಡತಿ ಮಕ್ಕಳನ್ನು ಕರೆತರಬಹುದೇ, ಒಗ್ಗುತ್ತದೆಯೇ ಎಂದು ನಾನು ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತೀರಿ. ನನ್ನನ್ನೇ ಕೇಳುತ್ತೀರಲ್ಲ, ಅದೊಂದು ಚೋದ್ಯ. ಊಟ, ಮಳೆ, ಭಾಷೆ ಎಂದು ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಮಗಳು ನೀಲಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಮನೆಯಲ್ಲಿ ಅತ್ತೆ, ಮೈದುನ ಶಿವಪ್ಪ, ಅವನ ಹೆಂಡತಿ ಪಾರವ್ವ. ಹೊಲ ಇತ್ತು, ಉಣ್ಣಲು ಕೊರತೆ ಇರಲಿಲ್ಲ. ಆದರೆ ಹಿರಿಯ ಮಗ ಸತ್ತ ಮನೆಯಲ್ಲಿ ಅವನ ಹೆಂಡತಿ ಏನಾಗಿ ಉಳಿಯುತ್ತಾಳೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಏಳನೆಯ ದಿನವೇ ಒಲೆಯ ಮುಂದಿನ ಜಾಗ ನನ್ನದೆಂದು ಗೊತ್ತಾಗಿತ್ತು. ನನ್ನನ್ನು ಆ ಒಲೆಯ ಮುಂದಿನಿಂದ ಎಬ್ಬಿಸಿದವರು ಅತ್ತೆಯೇ. “ಕೂಸಿನ್ನ ನಾ ನೋಡ್ತೀನಿ, ನೀ ನರ್ಸ್ ಕಲಿಯಾಕ ಹೋಗು” ಎಂದರು. ಆ ಕಾಲದಲ್ಲಿ, ಆ ಊರಿನಲ್ಲಿ, ಹಾಗೆ ಹೇಳುವ ಎದೆ ಯಾರಿಗಿತ್ತು? ನಾನು ಅತ್ತೆಯ ಮೇಲೆ ಎಷ್ಟು ಸಿಟ್ಟಾದರೂ ಇದನ್ನು ಮಾತ್ರ ಮರೆತವಳಲ್ಲ. ಕಲಿತೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಕೆಲಸದ ಆದೇಶವೂ ಬಂತು, ದಕ್ಷಿಣ ಕನ್ನಡಕ್ಕೆ. ಆಗುಂಬೆಯ ತಲೆಯಲ್ಲಿ ದೊಡ್ಡ ಬಸ್ಸು ಬಿಟ್ಟು ಸಣ್ಣ ಬಸ್ಸು ಹತ್ತಿ, ಕರುಳು ಬಾಯಿಗೆ ಬರುವ ತಿರುವುಗಳನ್ನು ಇಳಿದು ಬಂದೆ.

ಇಲ್ಲಿ ಮೊದಲು ಸೋಲಿಸಿದ್ದು ಅನ್ನ. ನಮ್ಮಲ್ಲಿ ಗಂಜಿ ಎಂದರೆ ಜಡ್ಡಿನವರ ಊಟ. ಇಲ್ಲಿ ಹೆರಿಗೆಗೆ ಹೋದ ಮನೆಮನೆಯಲ್ಲೂ ನನಗೆ ಕೆಂಪು ಕುಚ್ಚಲಕ್ಕಿಯ ಗಂಜಿಯನ್ನೇ ಬಡಿಸಿದರು. ನಾನು ಅಷ್ಟೊಂದು ಕಾಯಿಲೆಯವಳ ಹಾಗೆ ಕಾಣುತ್ತೇನೆಯೇ ಎಂದು ಕನ್ನಡಿ ನೋಡಿಕೊಂಡೆ. ಎರಡನೆಯದು ಮನೆಗಳು. ನಮ್ಮಲ್ಲಿ ಮನೆಗೆ ಮನೆ ಬೆನ್ನು ಕೊಟ್ಟು ಕೂತಿರುತ್ತದೆ. ಬದಿಯ ಮನೆಯ ರೊಟ್ಟಿ ಬಡಿಯುವ ಸದ್ದು ಕೇಳಿ ನಾವು ಒಲೆ ಹೊತ್ತಿಸುತ್ತೇವೆ. ಇಲ್ಲಿ ಒಂದೊಂದು ಮನೆಯೂ ತನ್ನ ಅಂಗಳ, ತನ್ನ ಬಾವಿ, ತನ್ನ ಮರಗಳ ನಡುವೆ ಒಂಟಿ. ವೇಣೂರಿನ ಕಡೆಗೆ ಹೆರಿಗೆಗೆ ಹೋದರೆ ಒಂದು ಮನೆಯಿಂದ ಇನ್ನೊಂದು ಮನೆಯ ದೀಪ ಕಾಣುವುದಿಲ್ಲ. ಜಗಳವಾಡಲು ಕೂಡ ಕೊಡೆ ಹಿಡಿದುಕೊಂಡು ಹೋಗಬೇಕು.

ಭಾಷೆಯನ್ನು ಹೆರಿಗೆಯ ಕೋಣೆಯಲ್ಲೇ ಕಲಿತೆ. ಮೊದಲು ನೋವಿನ ಮಾತು, ಆಮೇಲೆ ಬೈಗುಳ, ಕೊನೆಗೆ ‘ಒಣಸ್ ಆಂಡಾ’, ಅಂದರೆ ಊಟವಾಯಿತೇ. ಒಂದು ಸಲ ಕಾಲು ಮುಂದಾಗಿ ಬಂದ ಮಗುವನ್ನು ಸುಸೂತ್ರವಾಗಿ ಇಳಿಸಿದಾಗ ಆ ಮನೆಯ ಅಜ್ಜಿ ಒದ್ದೆ ಕೈಯಿಂದ ನನ್ನ ಕೆನ್ನೆ ಸವರಿ ತುಳುವಿನಲ್ಲಿ ಏನೋ ಹೇಳಿದರು. ನನಗೆ ಅದು ಪೂರ್ತಿ ಅರ್ಥವಾಯಿತು. ಆ ದಿನ ಬಸ್ಸಿಗೆ ಕಾಯದೆ ನಡೆದುಕೊಂಡೇ ವಾಪಸು ಬಂದೆ.

ಊರವರ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿಯುತ್ತಿದ್ದವಳಿಗೆ ನನ್ನ ಮಗಳು ಮಾತ್ರ ಸಿಗುತ್ತಿರಲಿಲ್ಲ. ಯುಗಾದಿಗೆಂದು ರಜೆ ಹಾಕಿ ಹೋದೆ. ನೀಲಾಗೆ ಐದು ತುಂಬುತ್ತ ಬಂದಿತ್ತು. ನನ್ನನ್ನು ಕಂಡವಳೇ ಓಡಿಹೋಗಿ ಪಾರವ್ವನ ಸೆರಗಿನ ಹಿಂದೆ ಅಡಗಿದಳು. ಪಾರವ್ವ ಮಕ್ಕಳಾಗದ ಹೆಂಗಸು, ಕೆಟ್ಟವಳಲ್ಲ. “ದೊಡ್ಡವ್ವ ಬಂದಾಳ, ಹೋಗು” ಎಂದು ಅವಳನ್ನು ನನ್ನ ಕಡೆಗೆ ತಳ್ಳಿದಳು. ದೊಡ್ಡವ್ವ. ಹೆತ್ತವಳು ನಾನು, ದೊಡ್ಡವ್ವನೂ ನಾನೇ. ಪಾರವ್ವನನ್ನು ನೀಲಾ ‘ಅವ್ವ’ ಎಂದು ಕರೆಯುವುದನ್ನು ಆ ದಿನ ನನ್ನ ಕಿವಿಯಾರೆ ಕೇಳಿದೆ.

ಸಂಜೆ ಶಿವಪ್ಪ ಮಾತು ತೆಗೆದ. “ವೈನಿ, ನೀವು ದೂರ ಇರಾವ್ರು. ನಮಗರ ಮಕ್ಕಳಿಲ್ಲ. ಕೂಸಿನ್ನ ನಾವ ದತ್ತಕ ತಗೋತೀವಿ. ಶ್ರಾವಣದಾಗ ಕಾರ್ಯ ಮುಗಸೂಣು.”

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಶ್ರಾವಣದೊಳಗೆ ಮೂಡುಬಿದಿರೆಯಲ್ಲಿ ಮನೆ ಮಾಡುತ್ತೇನೆ, ಅತ್ತೆಯನ್ನೂ ಮಗಳನ್ನೂ ಕರೆದೊಯ್ಯುತ್ತೇನೆ. ಎಲ್ಲರೂ ಅತ್ತೆಯ ಮುಖ ನೋಡಿದರು. ಯಾಕೆಂದರೆ ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಓಡುವ ನಾನು ಅತ್ತೆಯಿಲ್ಲದೆ ಮಗುವನ್ನು ಸಾಕುವುದು ಸಾಧ್ಯವಿರಲಿಲ್ಲ. ಅತ್ತೆ ಬಹಳ ಹೊತ್ತು ಶೇಂಗಾ ಸುಲಿದರು. ಆಮೇಲೆ ಹೇಳಿದರು, “ಬರ್ತೀನಿ. ಒಂದು ತಿಂಗಳು ನೋಡ್ತೀನಿ. ಮನಸ್ಸಿಗೆ ಹಿಡಿದ್ರ ಇರೂಣು. ಹಿಡೀಲಿಲ್ಲಂದ್ರ ಕೂಸಿನ್ನ ಕರಕೊಂಡು ಹೊಳ್ಳಿ ಬರ್ತೀನಿ, ಆಮ್ಯಾಲ ಶಿವಪ್ಪ ಹೇಳಿದ್ದಕ್ಕ ನೀ ಒಪ್ಪಬೇಕು.” ನಾನು ಒಪ್ಪಿದೆ.

ಮನೆ ಹುಡುಕಲು ಹೊರಟವಳಿಗೆ ಇಡೀ ಸೀಮೆಯೇ ಪ್ರಶ್ನೆಯಾಯಿತು. ವೇಣೂರಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅತ್ತೆ ಆ ಒಂಟಿತನದಲ್ಲಿ ಎಂಟು ದಿನ ಉಳಿಯುವವರಲ್ಲ. ಬಂಟ್ವಾಳಕ್ಕೆ ವರ್ಗ ಕೇಳಬಹುದಿತ್ತು. ಅಲ್ಲಿ ಪೇಟೆಯಿದೆ, ಮನೆಗಳು ಒತ್ತೊತ್ತಾಗಿವೆ, ಥೇಟು ನಮ್ಮ ಊರಿನ ಹಾಗೆ. ಆದರೆ ಮಳೆಗಾಲದಲ್ಲಿ ನೇತ್ರಾವತಿ ಅಂಗಡಿಯೊಳಗೇ ಬಂದು ಕೂರುತ್ತಾಳೆಂದು ಅಲ್ಲಿನವರೇ ಹೇಳಿದರು. ಬೆಳ್ತಂಗಡಿಯಲ್ಲಿ ಗುರುತಿನವರಿರಲಿಲ್ಲ. ಉಳಿದದ್ದು ಮೂಡುಬಿದಿರೆಯೇ. ಆಗಲೇ ಊರು ಮೈ ಬಿಡುತ್ತಿತ್ತು. ಕಾಲೇಜು ಇತ್ತು, ಬಸ್ ನಿಲ್ದಾಣದಲ್ಲಿ ಎಲ್ಲ ದಿಕ್ಕಿಗೂ ಬಸ್ಸು, ಬಸದಿಗಳ ಬೀದಿಯಾಚೆಗೆ ಮುಂಬಯಿ ದುಡ್ಡಿನ ಹೊಸ ಮನೆಗಳು ಏಳುತ್ತಿದ್ದವು. ಮಗಳು ಇಲ್ಲೇ ಬಾಲವಾಡಿಯಿಂದ ಕಾಲೇಜಿನವರೆಗೆ ಓದಬಹುದು ಎಂದು ಲೆಕ್ಕ ಹಾಕಿದೆ. ಆಸೆ ಎಂಬುದು ಹೀಗೆಯೇ, ಕೂಸು ಹುಟ್ಟುವ ಮೊದಲೇ ಕುಲಾವಿ.

ಲೀಲಕ್ಕನ ಮನೆ ಸಿಕ್ಕಿದ್ದು ಕಮಲಳ ಮೂಲಕ. ಬಂಟರ ಹೆಂಗಸು, ಗಂಡ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ದೊಡ್ಡ ಮನೆಯ ಪಕ್ಕದಲ್ಲಿ ಒಂದು ಹಂಚಿನ ಬಿಡಾರ, ಮುಂದೆ ಹಲಸಿನ ಮರ.

“ಎಷ್ಟು ಜನ ಉಂಟು?”

“ಮೂರು ಮಂದಿ. ನಾನು, ಅತ್ತೆ, ಮಗಳು.”

“ಮಗಳು ಎಷ್ಟು ದೊಡ್ಡದು?”

“ಐದು ವರ್ಷದ್ದು.”

“ಹಾಗಾದರೆ ಕೊಟ್ಟೆ” ಎಂದರು ಲೀಲಕ್ಕ. “ಈ ಅಂಗಳದಲ್ಲಿ ಮಕ್ಕಳ ಶಬ್ದ ಕೇಳದೆ ಸುಮಾರು ಸಮಯ ಆಯ್ತು. ನನ್ನವು ಎರಡೂ ಮುಂಬಯಿ ಸೇರಿದವು. ಬಿಡಾರದ ಹಂಚಿನ ಮಾಡು ಒಂದು ಸರಿ ಮಾಡಿಸ್ಲಿಕ್ಕೆ ಉಂಟು. ಯಾವಾಗ ಬರ್ತೀರಿ?”

“ಈಗ ಮಾಡು ಸರಿ ಮಾಡಿಸಬೇಕು ಅಂತೀರಿ. ಆಮೇಲೆ ಆಷಾಢ ಬರ್ತದ. ಆಷಾಢ ಮುಗಿದ ಕೂಡಲೇ ಬರ್ತೀವ್ರಿ.”

“ಹೌದು ಹೌದು, ಆಟಿಯಲ್ಲಿ ಬೇಡವೇ ಬೇಡ. ಕಳೆದ ಮೇಲೆ ಬನ್ನಿ, ಹಾಲು ಉಕ್ಕಿಸುವ.”

ನಾವಿಬ್ಬರೂ ಒಂದೇ ಮಾತು ಆಡಿದೆವೆಂದು ಇಬ್ಬರಿಗೂ ನಂಬಿಕೆ. ಆಟಿ ಎಂದರೆ ಇವರ ಆಷಾಢ ಎಂದು ಕಮಲಳೇ ನನಗೆ ಹೇಳಿದ್ದಳು, ನಾನೂ ಒಪ್ಪಿಕೊಂಡಿದ್ದೆ. ನಮ್ಮ ತಿಂಗಳು ಚಂದ್ರನದು, ಅಮಾವಾಸ್ಯೆಗೆ ಮುಗಿಯುತ್ತದೆ. ಇವರದು ಸೂರ್ಯನದು, ಸಂಕ್ರಮಣಕ್ಕೆ ಮುಗಿಯುತ್ತದೆ. ನಾಗರ ಅಮಾವಾಸ್ಯೆಯ ಮರುದಿನ ನಮ್ಮಲ್ಲಿ ಶ್ರಾವಣ ಹುಟ್ಟಿದರೂ, ಇವರ ಆಟಿ ಆ ವರ್ಷ ಅದಾದ ಮೇಲೂ ಹತ್ತು ಹನ್ನೆರಡು ದಿನ ಮಳೆಯಲ್ಲಿ ಕುಳಿತೇ ಇತ್ತು. ಸೋಣ ತಿಂಗಳು ಬಂದರೆ ಮಾತ್ರ ಇವರಿಗೆ ಬಾಗಿಲು ತೆರೆದ ಹಾಗೆ. ಇದನ್ನು ನಾನು ತಿಳಿದಾಗ ಅತ್ತೆ, ಮಗಳು, ಟ್ರಂಕು, ಜೋಳದ ಹಿಟ್ಟಿನ ಚೀಲ, ರೊಟ್ಟಿಯ ಹಂಚು, ಪಂಚಮಿಯ ಉಂಡಿಯ ಡಬ್ಬಿ ಎಲ್ಲವೂ ಲೀಲಕ್ಕನ ಜಗಲಿಯಲ್ಲಿ ಇದ್ದವು.

ಲೀಲಕ್ಕ ಬೆಲ್ಲ ನೀರು ಕೊಟ್ಟರು. ನೀಲಾಳ ತಲೆ ಒರೆಸಿದರು. ಬೀಗದ ಕೈ ಮಾತ್ರ ಸೊಂಟದಲ್ಲೇ ಉಳಿಯಿತು.

“ಇದೆಂತ ಸಿಸ್ಟರ್ರೆ, ಆಟಿಯಲ್ಲಿ ಒಕ್ಕಲು ಬರುವುದು ಉಂಟಾ? ನಾವು ಈ ತಿಂಗಳಲ್ಲಿ ಕರುವನ್ನು ಸಹ ಬೇರೆ ಹಟ್ಟಿಗೆ ಕಟ್ಟುವುದಿಲ್ಲ.”

ಅತ್ತೆ ನನ್ನ ಕಡೆ ತಿರುಗಿದರು. “ಆಷಾಢ ಹೋಗಿ ಶ್ರಾವಣ ಬಂತಲ್ಲ. ಇದ್ಯಾವ ಆಷಾಢ ಇವರದು? ಊರಿಗೊಂದು ತಿಂಗಳೇನ?”

ನಾನು ನಡುವೆ ನಿಂತು ಒಬ್ಬರ ಕನ್ನಡವನ್ನು ಇನ್ನೊಬ್ಬರ ಕನ್ನಡಕ್ಕೆ ಹೇಳಿದೆ. ಲೀಲಕ್ಕ ನೇರವಾಗಿ ಅತ್ತೆಯ ಹತ್ತಿರವೇ ಬಂದು ಕೂತರು. “ಅಮ್ಮ, ಬೇಸರ ಮಾಡಬೇಡಿ. ಆಟಿಯಲ್ಲಿ ನಮ್ಮ ದೈವಗಳೂ ಘಟ್ಟ ಹತ್ತಿ ಹೋಗಿರ್ತವೆ. ಕಾಯುವವರು ಯಾರೂ ಇಲ್ಲದ ತಿಂಗಳು ಇದು. ಈ ಸಣ್ಣ ಮಗುವಿಗೆ ನಾಳೆ ಒಂದು ಜ್ವರ ಬಂದರೆ ನಾನು ನಿಮಗೆ ಎಂತ ಉತ್ತರ ಕೊಡುವುದು?”

“ನಮ್ಮ ದೇವರು ಎಲ್ಲಿಗೂ ಹೋಗಂಗಿಲ್ಲ” ಎಂದರು ಅತ್ತೆ, ಕೊರಳಿನ ಲಿಂಗವನ್ನು ಹಿಡಿದು. “ಇಲ್ಲೇ ಅದಾನ.”

ನನ್ನ ಕೋಣೆಗೆ ಹೋಗುವ ದಾರಿಯಲ್ಲಿ ಅತ್ತೆ ಒಂದೇ ಮಾತು ಹೇಳಿದರು. “ಇಬ್ಬರೂ ಗಂಡನ್ನ ಕಳಕೊಂಡಾರು, ಒಳಗ ಬ್ಯಾಡ ಅಂತ ಹೇಳಾಕ ನಾಚಿಗಿ ಆಕಿಗಿ. ಅದಕ್ಕ ತಿಂಗಳ ಹೆಸರು ಹೇಳ್ತಾಳ.” ಹಾಗಲ್ಲವೆಂದು ನಾನು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ಲೀಲಕ್ಕ ಬೀಗ ತೆರೆಯದಿದ್ದದ್ದು ನನ್ನ ಮಗಳ ಮೇಲಿನ ಕಾಳಜಿಗೆ. ಅದನ್ನು ಸಿಟ್ಟಾಗಿ ಬೈದುಬಿಡಲೂ ಆಗದೆ, ಕೈಮುಗಿದು ಒಪ್ಪಲೂ ಆಗದೆ ನಾನು ಒದ್ದಾಡಿದೆ.

ಬಸ್ ನಿಲ್ದಾಣದ ಹಿಂದೆ, ಸೋಡಾ ಅಂಗಡಿಯ ಒತ್ತಿಗೆ ನನ್ನದೊಂದು ಕೋಣೆಯಿತ್ತು. ಒಬ್ಬಳಿಗೇ ಸಾಲದ ಕೋಣೆಯಲ್ಲಿ ಮೂವರು ಸೇರಿದೆವು. ಮಾಡು ಸೋರುತ್ತಿತ್ತು. ಅತ್ತೆ ಊರಿನಿಂದ ಬೀಸಿ ತಂದ ಜೋಳದ ಹಿಟ್ಟು ತೇವಕ್ಕೆ ಗಂಟುಕಟ್ಟಿತು, ಆಮೇಲೆ ಬೂಸು ಬಂತು. ಹಸಿ ಸೌದೆ ಹೊಗೆ ಬಿಟ್ಟು ಉರಿ ಕೊಡಲಿಲ್ಲ. ಒಣ ಗಾಳಿಯಲ್ಲಿ ಬೆಳೆದ ಅತ್ತೆ ದಿನವಿಡೀ ಒಣಗದ ಸೀರೆಗಳ ನಡುವೆ ಕೂತು, ಕಿಟಕಿಯಿಂದ ಬಸ್ಸುಗಳನ್ನು ನೋಡುತ್ತಿದ್ದರು. ನಮ್ಮ ಊರಿನ ದಾರಿ ಹಿಡಿದು ಕಾರ್ಕಳದ ಕಡೆಗೆ ಹೋಗುವ ಬಸ್ಸು ಯಾವುದೆಂದು ಎರಡೇ ದಿನದಲ್ಲಿ ಅವರಿಗೆ ಗುರುತು ಸಿಕ್ಕಿತು. ನಾನು ಡ್ಯೂಟಿಯಿಂದ ಬಂದ ಕೂಡಲೇ ಅವರ ಮುಖವನ್ನು ಹವಾಮಾನ ನೋಡುವ ಹಾಗೆ ನೋಡುತ್ತಿದ್ದೆ. ಸಂಕ್ರಮಣ ಬರುವವರೆಗೆ ಈ ಮುದುಕಿ ತಾಳಿಕೊಳ್ಳಲಿ, ಅಷ್ಟೇ ಸಾಕು ಎಂದು ಬಸದಿಗೂ ಕೈಮುಗಿದೆ, ದೈವದ ಕಟ್ಟೆಗೂ ಕೈಮುಗಿದೆ.

ನೀಲಾ ಮಾತ್ರ ಮೂರನೆಯ ದಿನಕ್ಕೆ ಊರಿನವಳಾದಳು. ಲೀಲಕ್ಕ ದಿನಾ ಕಮಲಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು, ಮನೆಯೊಳಗೆ ಒಕ್ಕಲಾಗಬಾರದು ಅಷ್ಟೇ, ಅಂಗಳದಲ್ಲಿ ಆಡಿದರೆ ಏನು? ಅವಳು ಹೋಗಿ ಹಲಸಿನ ಬೀಜ ಸುಟ್ಟು ತಿಂದು, ಬೆಕ್ಕಿನ ಹಿಂದೆ ಓಡಿ, ಕೆಸರಾಗಿ ಬರುತ್ತಿದ್ದಳು. ಒಂದು ಸಂಜೆ ತಾನಾಗಿಯೇ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ಹೆಣೆದೆ. ಬಿಚ್ಚಿ ಮತ್ತೆ ಹೆಣೆದೆ. ಜಡೆ ಸರಿಯಾಗಲಿಲ್ಲವೆಂದು ಸುಳ್ಳು ಹೇಳಿ ಮೂರನೆಯ ಸಲವೂ ಹೆಣೆದೆ. “ದೊಡ್ಡವ್ವ, ಸಾಕು” ಎಂದು ಅವಳು ಎದ್ದಾಗ ನನ್ನ ಕೈ ಖಾಲಿಯಾಯಿತು.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ, ಉಂಡಿ ಮತ್ತು ಜೋಕಾಲಿ. ಇಲ್ಲಿಯೂ ನಾಗನಿಗೆ ಹಾಲು ಉಂಟು, ಅರಶಿನ ಎಲೆಯಲ್ಲಿ ಕಡುಬು ಉಂಟು, ಜೋಕಾಲಿ ಇಲ್ಲ. ನೀಲಾ ಜೋಕಾಲಿ ಎಂದು ಅತ್ತಳೆಂದು ಲೀಲಕ್ಕನಿಗೆ ಯಾರು ಹೇಳಿದರೋ. ನಾವು ಹೋಗುವಷ್ಟರಲ್ಲಿ ಬಾವಿಯ ಹಗ್ಗ ಹಲಸಿನ ಮರದಲ್ಲಿ ತೂಗುತ್ತಿತ್ತು. ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಅತ್ತೆ ಶೇಂಗಾ ಉಂಡಿ ಕೊಟ್ಟರು, ಲೀಲಕ್ಕ ಕಡುಬು ಕೊಟ್ಟರು. ಅತ್ತೆ ಕಡುಬನ್ನು ಮೂಸಿ ನೋಡಿ, ತಿಂದು, ಇನ್ನೊಂದನ್ನೂ ತೆಗೆದುಕೊಂಡರು. ಆ ಅರ್ಧ ಗಂಟೆ ನಾನು ಗೆದ್ದೆ ಎಂದುಕೊಂಡಿದ್ದೆ.

ಹೊರಡುವ ಹೊತ್ತಿಗೆ ಅತ್ತೆ ಕರೆದರು, “ಬಾ ನೀಲಾ, ಹೋಗೂಣು.”

ಜೋಕಾಲಿಯ ಮೇಲಿನಿಂದ ನೀಲಾ ಹೇಳಿದಳು, “ಬರ್ಪುಜಿ.”

ಬರುವುದಿಲ್ಲ ಎಂದರ್ಥ. ಅತ್ತೆಗೆ ಅರ್ಥ ಗೊತ್ತಿರಲಿಲ್ಲ. ಆದರೆ ತಾವು ಎದೆಗೆ ಹಾಕಿಕೊಂಡು ಸಾಕಿದ ಕೂಸಿನ ಬಾಯಿಂದ ತಮಗೆ ತಿಳಿಯದ ಮಾತೊಂದು ಬಂದದ್ದನ್ನು ಅವರು ಕೇಳಿಸಿಕೊಂಡರು. ಲೀಲಕ್ಕ ಸಂತೋಷದಿಂದ ನಕ್ಕು, ಒಳ್ಳೆಯದಕ್ಕೇ ಹೇಳಿದರು, “ಇರಲಿ ಅಮ್ಮ, ಸಂಜೆ ಕಳಿಸ್ತೇನೆ. ಇನ್ನು ಸಿಸ್ಟರ್ರಿಗೆ ಡ್ಯೂಟಿ ಇರುವಾಗ ಮಗು ನನ್ನ ಹತ್ತಿರವೇ ಇರಲಿ. ನಿಮಗೆ ಊರು ನೆನಪಾದರೆ ಹೋಗಿ ಬಂದು ಮಾಡಿ. ನಾನು ನೋಡಿಕೊಳ್ತೇನೆ.”

ನನ್ನ ಬಾಳಿನಲ್ಲಿ ಯಾರೂ ನನಗೆ ಕೊಡದಿದ್ದ ದೊಡ್ಡ ಸಹಾಯ ಅದು. ಅತ್ತೆಯ ಮುಖ ಕಪ್ಪಿಟ್ಟಿತು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿ ಮುಗಿಸಿ ಬಂದಾಗ ಗಂಟು ಕಟ್ಟಿ ಆಗಿತ್ತು. ನೀಲಾ ತಲೆ ಬಾಚಿಸಿಕೊಂಡು, ಹೊಸ ಲಂಗ ತೊಟ್ಟು ಟ್ರಂಕಿನ ಮೇಲೆ ಕೂತಿದ್ದಳು.

“ಇನ್ನೊಂದು ವಾರ ತಡೀರಿ ಅತ್ತಿ. ಸಂಕ್ರಮಣಕ್ಕ ಬಾಗಿಲಾ ತೆಗೀತಾರ.”

“ವಾರ ತಡದ್ರ ಈ ಕೂಸು ನನ್ನ ಮಾತು ಮರೀತೈತಿ.”

“ತಿಂಗಳು ನೋಡ್ತೀನಿ ಅಂದಿದ್ರಿ.”

“ನಿನಗ ನೌಕರಿ ಐತಿ. ಶಿವಪ್ಪಗ ಹೊಲ ಐತಿ. ಆ ಮನಿಯಾಕಿಗಿ ಮನಿ ಐತಿ, ಮುಂಬೈದಾಗ ಮಕ್ಕಳದಾರ.” ಅತ್ತೆ ನೀಲಾಳ ಕೈ ಹಿಡಿದರು. “ನನಗೇನೈತಿ, ನೀನ ಹೇಳು.”

ಅವರು ನನಗೆ ಕೆಲಸ ಕೊಡಿಸಿದವರು. ನನಗೆ ಕೊಟ್ಟದ್ದರ ಬದಲಿಗೆ ಆ ಕೂಸನ್ನೇ ತಮ್ಮದೆಂದು ಇಟ್ಟುಕೊಂಡವರು. “ನೌಕರಿ ಬಿಟ್ಟು ನೀನೂ ಬಾ, ಯಾರು ಬ್ಯಾಡಂದಾರ?” ಎಂದರು. ಬಿಟ್ಟು ಹೋದರೆ ಅದೇ ಒಲೆ, ಅದೇ ಜಾಗ. ಮಗಳು ಅಂಗಳದಲ್ಲಿ ಪಾರವ್ವನನ್ನು ಅವ್ವ ಎನ್ನುವುದನ್ನು ಒಲೆಯ ಮುಂದೆ ಕೂತು ಕೇಳಬೇಕು. ಹೋಗದಿದ್ದರೆ ಅದನ್ನು ಕೇಳುವುದೂ ಇಲ್ಲ. ಇನ್ನೊಂದು ದಾರಿಯೂ ಇತ್ತು. ಮಗುವನ್ನು ಕಿತ್ತುಕೊಂಡು ಲೀಲಕ್ಕನ ಅಂಗಳಕ್ಕೆ ಓಡುವುದು. ನಿಜ ಹೇಳುತ್ತೇನೆ, ಬಸ್ ನಿಲ್ದಾಣದವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಬಸ್ಸು ಬಂತು. ನಾನು ನೀಲಾಳ ತೋಳು ಹಿಡಿದೆ. “ನೀ ಇಲ್ಲೇ ಇರ್ತೀಯೇನ ನನ್ನ ಕೂಡ? ಜೋಕಾಲಿ ಐತಿ” ಎಂದು ಕೇಳಿದೆ. ಅವಳು ಒಂದು ಕ್ಷಣ ನಿಂತಳು. ಅಜ್ಜಿ ಮೆಟ್ಟಿಲು ಹತ್ತಿದ್ದು ಕಂಡಿತು. ಆಮೇಲೆ ಅವಳು ಅಳಲು ಶುರು ಮಾಡಿದ್ದು ಹೇಗೆಂದರೆ, ನಿಲ್ದಾಣದ ಜನ ನನ್ನನ್ನು ಮಕ್ಕಳ ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಎಂತ, ಹತ್ತುವುದಾ ಇಲ್ಲವಾ?” ಎಂದ. ಮೆಟ್ಟಿಲು ಎತ್ತರವಿತ್ತು, ಅವಳ ಕಾಲು ಎಟುಕುತ್ತಿರಲಿಲ್ಲ. ನಾನೇ ಎತ್ತಿ ಹತ್ತಿಸಿದೆ.

ಸೋಣ ಸಂಕ್ರಮಣದ ಬೆಳಿಗ್ಗೆ ಲೀಲಕ್ಕ ಬಿಡಾರದ ಬಾಗಿಲು ತೆರೆದರು. ಸುಣ್ಣ ಬಳಿಸಿದ್ದರು. ಮೂವರಿಗೆಂದು ಮೂರು ಮಣೆ ಇಟ್ಟಿದ್ದರು. ಹಾಲು ಉಕ್ಕಿತು, ಪೂರ್ವಕ್ಕೇ ಉಕ್ಕಿತು, ಬಹಳ ಒಳ್ಳೆಯ ಶಕುನವಂತೆ. ಅವರು ಎರಡು ಮಣೆಗಳನ್ನು ಗೋಡೆಗೆ ಒರಗಿಸಿ ಕಣ್ಣು ಒರೆಸಿಕೊಂಡರು. “ನಾನು ಅವತ್ತೇ ಬೀಗ ತೆಗೆಯಬೇಕಿತ್ತಾ ಗಿರಿಜಕ್ಕ?” ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಇಲ್ಲವೆಂದೆ. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಕೆಲವು ಮಳೆಗಾಲಗಳಲ್ಲಿ ಆ ಹೆಂಗಸನ್ನು ನಾನು ದ್ವೇಷಿಸಿದ್ದೇನೆ. ಜ್ವರ ಬಂದು ಮಲಗಿದಾಗ ಅವರ ಕೈಯ ಗಂಜಿಯನ್ನೇ ಕುಡಿದಿದ್ದೇನೆ.

ಶ್ರಾವಣ ಮುಗಿಯುವುದರೊಳಗೆ ರಜೆ ಹಾಕಿ ಊರಿಗೆ ಹೋದೆ. ಹಿರಿಯರ ಮುಂದೆ ನೀಲಾಳನ್ನು ಎತ್ತಿ ಪಾರವ್ವನ ಉಡಿಯಲ್ಲಿ ಹಾಕಿದೆ. ಎಷ್ಟೋ ತಾಯಂದಿರ ಮಡಿಲಿಗೆ ಮಕ್ಕಳನ್ನು ಹಾಕಿದ್ದ ಕೈ ಅದು.

ಆಮೇಲಿನ ವರ್ಷಗಳಲ್ಲಿ ಮೂಡುಬಿದಿರೆ ನಾನು ಅಂದು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಬೆಳೆಯಿತು. ಸೋಡಾ ಅಂಗಡಿಯ ಜಾಗದಲ್ಲಿ ಮಾಳಿಗೆ ಎದ್ದಿತು, ಗಲ್ಫ್ ದುಡ್ಡಿನ ಮನೆಗಳು ಬಂದವು, ಮಂಗಳೂರಿಗೆ ಬಸ್ಸಿನ ಹಿಂದೆ ಬಸ್ಸು. ನಾನು ಗಂಜಿಯನ್ನು ಇಷ್ಟಪಟ್ಟು ಉಣ್ಣತೊಡಗಿದೆ. ಊರಿಗೆ ಹೋದರೆ ಬಾಯಿ ತಪ್ಪಿ ‘ಉಂಟು’ ಎನ್ನುತ್ತೇನೆ, ಓಣಿಯ ಹುಡುಗಿಯರು ನಗುತ್ತಾರೆ. ಇಲ್ಲಿ ನನ್ನ ಕೈಯಲ್ಲಿ ಹುಟ್ಟಿದ ಹುಡುಗರೇ ಈಗ ಶಾಲೆಗೆ ಹೋಗುತ್ತ, ‘ಅವರಾ, ಅವರು ಘಟ್ಟದವರು’ ಎಂದು ನನ್ನನ್ನು ತೋರಿಸುತ್ತಾರೆ. ಅತ್ತೆ ತೀರಿಕೊಂಡರು. ಕೊನೆಯ ಸಲ ಕಂಡಾಗ ಆ ಅರಶಿನ ಎಲೆಯ ಕಡುಬು ಹೇಗೆ ಮಾಡುತ್ತಾರೆಂದು ಕೇಳಿದರು.

ಕುಟುಂಬವನ್ನು ತರಬೇಕೋ ಬೇಡವೋ ಎಂದು ಕೇಳುತ್ತೀರಲ್ಲ, ನನಗೆ ತಿಳಿದ ಉತ್ತರ ಇಷ್ಟೇ. ಬರುವುದಾದರೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬನ್ನಿ. ಮೊದಲು ಒಬ್ಬರು ಹೋಗಿ ನೆಲೆ ನೋಡೋಣ, ಆಮೇಲೆ ಉಳಿದವರನ್ನು ಕರೆಸಿಕೊಳ್ಳೋಣ ಎಂದರೆ ಆ ನಡುವಿನ ದಿನಗಳಲ್ಲಿ ಮಕ್ಕಳು ಬೇರೆಯವರ ಮಕ್ಕಳಾಗಿಬಿಡುತ್ತಾರೆ. ಸೋರುವ ಕೋಣೆಯಾದರೂ ಸರಿ, ಅರ್ಧ ಹೊಟ್ಟೆಯಾದರೂ ಸರಿ.

ಈ ವರ್ಷ ನೀಲಾ ಮೂಡುಬಿದಿರೆಗೆ ಬಂದಳು. ಪಿಯುಸಿ ಓದಲು. ಇಲ್ಲಿನ ಕಾಲೇಜಿನ ಹೆಸರು ನಮ್ಮ ಕಡೆಗೂ ಹಬ್ಬಿದೆಯಲ್ಲ. ಶಿವಪ್ಪ ಬಂದು ಹಾಸ್ಟೆಲಿಗೆ ಸೇರಿಸಿ, ನನ್ನ ಮನೆಯಲ್ಲಿ ಊಟ ಮಾಡಿ ಹೋದ. ‘ಇಲ್ಲೇ ಇರಲಿ’ ಎಂದು ನಾನು ಬಾಯಿ ಬಿಡುವ ಮೊದಲೇ ಅವಳು, “ಹಾಸ್ಟೆಲ್ ಚಲೋ ಐತಿ ದೊಡ್ಡವ್ವ, ಗೆಳತ್ಯಾರದಾರ” ಎಂದಳು. ನನ್ನಷ್ಟೇ ಎತ್ತರ ಬೆಳೆದಿದ್ದಾಳೆ. ಹೆತ್ತವಳು ಯಾರೆಂದು ಅವಳಿಗೆ ಗೊತ್ತು, ಊರಿನಲ್ಲಿ ಯಾರು ತಾನೆ ಹೇಳದೆ ಬಿಟ್ಟಾರು? ಅವಳು ಅದರ ಮಾತೆತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಕಳೆದ ಭಾನುವಾರ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಹಾಸ್ಟೆಲಿಗೆ ಒಯ್ದೆ. ನೀಲಾ ಗೆಳತಿಯರೊಂದಿಗೆ ಗೇಟಿಗೆ ಓಡಿಬಂದು ಡಬ್ಬಿ ಇಸಿದುಕೊಂಡಳು. ಅವರಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅವಳ ಮುಖ ನೋಡಿದಳು.

“ಯಾರಿದು ನೀಲಾ, ನಿನ್ನ ಅಮ್ಮನಾ? ಹಾಗೇ ಉಂಟು ಮುಖ.”

ನೀಲಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಒರಟುತನ ಇರಲಿಲ್ಲ. ಅಕ್ಕರೆಯೇ ಇತ್ತು, ಸ್ವಲ್ಪ ಭಯವೂ ಇತ್ತು. “ಅಲ್ಲ,” ಎಂದಳು, “ಇವರು ನಮ್ಮ ಊರಿನವರು.”

ಇಷ್ಟು ವರ್ಷಗಳಲ್ಲಿ ಇಲ್ಲಿಯಾಗಲಿ ಅಲ್ಲಿಯಾಗಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆ ಹುಡುಗಿ ನನ್ನ ಕಡೆ ತಿರುಗಿ, ಹೌದಾ ಎಂಬಂತೆ ನೋಡಿದಳು.

“ಹೌದವ್ವ,” ಎಂದೆ, “ನಾನು ಇವರ ಊರಿನಾಕಿ.”